ಪಿಎಚ್‌ಡಿ ‘ಸೀಟು’ ಎಂದರೆ ಒಂದಲ್ಲ, ಮೂರು

ಎಂ.ಎಸ್ಸಿ. ಮುಗಿಸಿ ಪಿಎಚ್‌ಡಿ ಮಾಡುತ್ತೇನೆ ಎಂದವರನ್ನು ನಮ್ಮ ಕಾಸರಗೋಡಿನ ಕುಂಬಳೆಯಲ್ಲಾಗಲಿ, ಬದಿಯಡ್ಕದಲ್ಲಾಗಲಿ, ಮುಳ್ಳೇರಿಯದಲ್ಲಾಗಲಿ, ಮನೆಗೆ ಬಂದ ನೆಂಟರು ಕೇಳುವುದು ಒಂದೇ: “ಸೀಟು ಸಿಕ್ಕಿತಾ?” ಬಿ.ಎಸ್ಸಿ.ಗೆ, ಬಿ.ಎಡ್.ಗೆ ಸೀಟು ಎಂಬುದಿದೆ. ಅರ್ಜಿ ಹಾಕಿ, ರ‍್ಯಾಂಕ್ ಪಟ್ಟಿ ನೋಡಿ, ಫೀಸು ಕಟ್ಟಿದರೆ ಆಯಿತು. ವಿಜ್ಞಾನ, ಎಂಜಿನಿಯರಿಂಗ್ ವಿಷಯಗಳ ಪಿಎಚ್‌ಡಿಯಲ್ಲಿ ಆ ಒಂದು ಸೀಟಿನ ಜಾಗದಲ್ಲಿ ಮೂರು ಸಂಗತಿಗಳಿವೆ. ಕೆಲಸ ಕಲಿಸಿ ಸಹಿ ಹಾಕುವ ಗೈಡ್. ಪದವಿ ಕೊಡುವ ವಿಶ್ವವಿದ್ಯಾಲಯದಲ್ಲಿ ನೋಂದಣಿ. ತಿಂಗಳು ತಿಂಗಳು ಬರುವ ಫೆಲೋಶಿಪ್. ಈ ಮೂರನ್ನು ಕೊಡುವವರು ಬೇರೆ ಬೇರೆ, ಕೊಡುವ ಕಾಲ ಬೇರೆ, ನಿಯಮವೂ ಬೇರೆ.

ಎಡವುವುದು ಇಲ್ಲೇ. ಜೆಆರ್‌ಎಫ್ (ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಗೆದ್ದವರಿಗೆ ಸಿಗುವ ಜೂನಿಯರ್ ರಿಸರ್ಚ್ ಫೆಲೋಶಿಪ್) ಬಂದೂ ಗೈಡ್ ಸಿಗದೆ ಆ ಪತ್ರದ ಅವಧಿ ಮುಗಿಸಿಕೊಂಡವರಿದ್ದಾರೆ. ಪ್ರಾಜೆಕ್ಟಿನಲ್ಲಿ ಮೂರು ವರ್ಷ ದುಡಿದು, ನೋಂದಣಿಯೇ ಆಗದೆ ಬರೀ ಅನುಭವ ಪತ್ರ ಹಿಡಿದು ಹೊರಬಂದವರಿದ್ದಾರೆ. ಗೈಡೂ ನೋಂದಣಿಯೂ ಇದ್ದು, ಫೆಲೋಶಿಪ್ ಇಲ್ಲದೆ ಎರಡನೇ ವರ್ಷಕ್ಕೆ ಟ್ಯೂಷನ್ ಸೆಂಟರಿನ ಪಾಠಕ್ಕೆ ಇಳಿದವರಂತೂ ಬೇಕಾದಷ್ಟು. ಯಾವುದೇ ಜಾಹೀರಾತು ಕಣ್ಣಿಗೆ ಬಿದ್ದಾಗ ಮೊದಲು ಕೇಳಿಕೊಳ್ಳಬೇಕಾದ್ದು ಇಷ್ಟೇ: ಇದು ಮೂರರಲ್ಲಿ ಯಾವುದನ್ನು ಕೊಡುತ್ತದೆ, ಯಾವುದನ್ನು ನಾನೇ ಬೇರೆ ಕಡೆಯಿಂದ ತರಬೇಕು?

ದುಡ್ಡಿನ ಲೆಕ್ಕ ಮೊದಲು

ಸಂಶೋಧನೆಗೆ ಹೊರಟವರು ದುಡ್ಡಿನ ಮಾತೆತ್ತಬಾರದು ಎಂಬ ಸಂಕೋಚ ನಮ್ಮಲ್ಲಿದೆ. ಐದು ವರ್ಷ ಹಾಸ್ಟೆಲಿನಲ್ಲೋ ಬಾಡಿಗೆ ಕೋಣೆಯಲ್ಲೋ ಕಳೆಯಬೇಕಾದವರಿಗೆ ಆ ಸಂಕೋಚ ಕೈಗೆಟುಕುವಂಥದ್ದಲ್ಲ.

ಕೇಂದ್ರದ ಜೆಆರ್‌ಎಫ್ 2023ರ ಜನವರಿ 1ರಿಂದ ತಿಂಗಳಿಗೆ 37,000 ರೂಪಾಯಿ. ಎರಡು ವರ್ಷ ಆದ ಮೇಲೆ ಕೆಲಸ ನೋಡಿ ಎಸ್‌ಆರ್‌ಎಫ್ (ಸೀನಿಯರ್ ರಿಸರ್ಚ್ ಫೆಲೋ) ಮಾಡುತ್ತಾರೆ, ಆಗ 42,000. ಇದರ ಮೇಲೆ ಊರಿನ ದರ್ಜೆಗೆ ತಕ್ಕ ಮನೆ ಬಾಡಿಗೆ ಭತ್ಯೆ. ಐಐಟಿ, ಎನ್‌ಐಟಿಗಳಲ್ಲಿ ಗೇಟ್ ಪರೀಕ್ಷೆಯ ಮೂಲಕ ಸೇರುವವರಿಗೆ ಸಂಸ್ಥೆಯೇ ಕೊಡುವ ಫೆಲೋಶಿಪ್ಪೂ ಹೆಚ್ಚುಕಡಿಮೆ ಇದೇ ದರದ್ದು. ಅದರಾಚೆ ಪ್ರಧಾನಮಂತ್ರಿ ರಿಸರ್ಚ್ ಫೆಲೋಶಿಪ್ 70,000ದಿಂದ ಶುರುವಾಗಿ 80,000ದವರೆಗೆ ಹೋಗುತ್ತದೆ, ಆದರೆ ಅದು ಆಯ್ದ ಸಂಸ್ಥೆಗಳಿಗೆ ಸೀಮಿತ. ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಜೆಆರ್‌ಎಫ್ ಇಲ್ಲದೆ ಸೇರಿದವರಿಗೆ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) ನಾನ್-ನೆಟ್ ಫೆಲೋಶಿಪ್ ಇದೆ. ಅದು 8,000. ಒಂದೇ ಲ್ಯಾಬು, ಒಂದೇ ಫ್ಯೂಮ್ ಹುಡ್, ಅಕ್ಕಪಕ್ಕ ನಿಂತ ಇಬ್ಬರಲ್ಲಿ ಒಬ್ಬರಿಗೆ 37,000, ಇನ್ನೊಬ್ಬರಿಗೆ 8,000. ಕೆಲಸದಲ್ಲಿ ಮಾತ್ರ ವ್ಯತ್ಯಾಸವಿಲ್ಲ. ನೆಟ್ ಪರೀಕ್ಷೆಗೆ ಇನ್ನೊಂದು ಆರು ತಿಂಗಳು ಕೂರಬೇಕೋ ಬೇಡವೋ ಎಂದು ತೂಗುವಾಗ ಈ ಎರಡು ಅಂಕೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ಪರೀಕ್ಷೆ ಬರೆಯದೆ ಸಿಗುವ ದಾರಿಯೊಂದಿದೆ, ಅರ್ಹರಿಗೇ ಅದು ಗೊತ್ತಿರುವುದಿಲ್ಲ. ಸ್ನಾತಕೋತ್ತರ ವಿಜ್ಞಾನದಲ್ಲಿ ವಿಶ್ವವಿದ್ಯಾಲಯಕ್ಕೆ ಮೊದಲ ರ‍್ಯಾಂಕ್ ಬಂದವರು ಇನ್‌ಸ್ಪೈರ್ ಫೆಲೋಶಿಪ್‌ಗೆ ಅರ್ಜಿ ಹಾಕಬಹುದು. ಕೇರಳದಲ್ಲೇ ಸಂಶೋಧನೆ ಮಾಡುವವರಿಗೆ ರಾಜ್ಯದ ವಿಜ್ಞಾನ, ತಂತ್ರಜ್ಞಾನ ಮತ್ತು ಪರಿಸರ ಕೌನ್ಸಿಲಿನ ಫೆಲೋಶಿಪ್ ಇದೆ. ಕನ್ನಡ ಮಾಧ್ಯಮದಲ್ಲಿ ಓದಿ, ಡಿಗ್ರಿಗೆ ಮಂಗಳೂರಿಗೆ ಹೋದ ನಮ್ಮ ಮಕ್ಕಳು ‘ಅದು ಮಲಯಾಳಿಗಳಿಗೆ’ ಎಂದುಕೊಂಡು ಪ್ರಕಟಣೆಯನ್ನೇ ಓದುವುದಿಲ್ಲ. ಭಾಷೆಗೂ ಅದಕ್ಕೂ ಏನೇನೂ ಸಂಬಂಧವಿಲ್ಲ.

ಇನ್ನೊಂದು ಕಹಿ ಸತ್ಯ: ಮಂಜೂರಾದ ಫೆಲೋಶಿಪ್ ತಿಂಗಳ ಮೊದಲ ತಾರೀಕಿಗೇ ಖಾತೆಗೆ ಬೀಳುತ್ತದೆ ಎಂದಿಲ್ಲ. ಸೇರಿದ ಹೊಸತರಲ್ಲಿ ಕಾಗದಪತ್ರ ಓಡಾಡುವಷ್ಟರಲ್ಲಿ ಕೆಲವು ತಿಂಗಳೇ ಹೋಗುತ್ತವೆ. ಮೂರ್ನಾಲ್ಕು ತಿಂಗಳ ಖರ್ಚನ್ನು ಕೈಯಲ್ಲಿಟ್ಟುಕೊಂಡೇ ಹೊರಡಬೇಕು.

ಯಾವ ಪರೀಕ್ಷೆ ಯಾವ ಬಾಗಿಲಿಗೆ

ಸಿಎಸ್‌ಐಆರ್-ಯುಜಿಸಿ ನೆಟ್ ಇರುವುದು ಐದೇ ವಿಷಯಗಳಲ್ಲಿ: ರಸಾಯನ, ಭೌತ, ಜೀವ, ಗಣಿತ, ಭೂವಿಜ್ಞಾನ. ಜೂನ್ ಮತ್ತು ಡಿಸೆಂಬರ್ ಹೆಸರಿನಲ್ಲಿ ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಮೂರು ಗಂಟೆ, 200 ಅಂಕ. ಇದರ ‘ಎ’ ಭಾಗ ಐದೂ ವಿಷಯಗಳಿಗೆ ಒಂದೇ. 20 ಪ್ರಶ್ನೆಗಳಲ್ಲಿ 15ಕ್ಕೆ ಉತ್ತರಿಸಬೇಕು, 30 ಅಂಕ. ಶೇಕಡಾವಾರು, ಗ್ರಾಫು, ವೇಗ-ದೂರ, ಸ್ವಲ್ಪ ತರ್ಕ, ಅಂದರೆ ಹೈಸ್ಕೂಲಿನ ಗಣಿತ. ಕ್ವಾಂಟಂ ರಸಾಯನ ಅರೆದು ಕುಡಿದವರು ಜೆಆರ್‌ಎಫ್ ಕಟ್ಟಾಫನ್ನು ನಾಲ್ಕೇ ಅಂಕದಲ್ಲಿ ತಪ್ಪಿಸಿಕೊಂಡಿದ್ದರೆ, ಹೆಚ್ಚಿನ ಪಾಲು ಆ ನಾಲ್ಕು ಅಂಕ ಹೋಗಿರುವುದು ಇಲ್ಲೇ.

2024ರಿಂದ ನೆಟ್ ಫಲಿತಾಂಶಕ್ಕೆ ಮೂರು ದರ್ಜೆ ಬಂದಿದೆ. ಮೊದಲನೆಯದು ಜೆಆರ್‌ಎಫ್ ಸಹಿತ. ಎರಡನೆಯದು ಅಸಿಸ್ಟೆಂಟ್ ಪ್ರೊಫೆಸರ್ ಅರ್ಹತೆ ಮತ್ತು ಪಿಎಚ್‌ಡಿ ಪ್ರವೇಶ. ಮೂರನೆಯದು ಪಿಎಚ್‌ಡಿ ಪ್ರವೇಶ ಮಾತ್ರ. ಎರಡನೇ ಮತ್ತು ಮೂರನೇ ದರ್ಜೆಯವರಿಗೆ ಪ್ರವೇಶದಲ್ಲಿ ಪರೀಕ್ಷೆಗೆ ಶೇ. 70, ಸಂದರ್ಶನಕ್ಕೆ ಶೇ. 30 ತೂಕ. ಆ ಅಂಕ ಒಂದು ವರ್ಷಕ್ಕಷ್ಟೇ ಊರ್ಜಿತ. ‘ನೆಟ್ ಪಾಸಾಗಿದೆ, ನಿಧಾನಕ್ಕೆ ಸೇರಿದರಾಯಿತು’ ಎಂದು ಕೂತವರಿಗೆ ಪೆಟ್ಟು ಬೀಳುವುದು ಈ ಒಂದು ವರ್ಷದಿಂದ.

ಎಂಜಿನಿಯರಿಂಗ್‌ನವರಿಗೆ ಗೇಟ್. ಪರೀಕ್ಷೆ ಫೆಬ್ರವರಿಯಲ್ಲಿ, ಅಂಕಕ್ಕೆ ಮೂರು ವರ್ಷ ಆಯುಸ್ಸು. ಪೊವ್ವಲ್‌ನ ಎಲ್‌ಬಿಎಸ್ ಕಾಲೇಜಿನಲ್ಲಿ ಬಿ.ಟೆಕ್. ಮಾಡಿದವರು ಎಂ.ಟೆಕ್. ಇಲ್ಲದೆಯೂ ಒಳ್ಳೆಯ ಗೇಟ್ ಅಂಕ, ಒಳ್ಳೆಯ ಡಿಗ್ರಿ ಅಂಕ ಇದ್ದರೆ ಕೆಲವು ಐಐಟಿಗಳಲ್ಲಿ ನೇರ ಪಿಎಚ್‌ಡಿಗೆ ಪ್ರಯತ್ನಿಸಬಹುದು. ಭೌತವಿಜ್ಞಾನಕ್ಕೆ ಜೆಸ್ಟ್ ಎಂಬ ಪರೀಕ್ಷೆ ಇದೆ, ಮುಂಬೈಯ ಟಿಐಎಫ್‌ಆರ್‌ಗೆ ಅದರದೇ ಪರೀಕ್ಷೆ. ಕೃಷಿ ಪದವಿಯವರದು ಐಸಿಎಆರ್ ಪರೀಕ್ಷೆ, ಜೈವಿಕ ತಂತ್ರಜ್ಞಾನದವರಿಗೆ ಡಿಬಿಟಿಯದು ಬೇರೆ. ಬಿ.ಎಸ್ಸಿ. ಮುಗಿದ ಕೂಡಲೇ ಹೊರಡುವವರು ಜಾಮ್ ಪರೀಕ್ಷೆ ಬರೆದು ಬೆಂಗಳೂರಿನ ಐಐಎಸ್ಸಿಯಂಥ ಕಡೆಯ ಇಂಟಿಗ್ರೇಟೆಡ್ ಪಿಎಚ್‌ಡಿಯನ್ನು ನೋಡಬಹುದು.

ನೋಂದಣಿಯ ನಿಯಮ ಬಂದದ್ದು ಯುಜಿಸಿಯ 2022ರ ನವೆಂಬರಿನ ಅಧಿಸೂಚನೆಯಿಂದ. ಸ್ನಾತಕೋತ್ತರದಲ್ಲಿ ಶೇ. 55 ಬೇಕು (ಮೀಸಲು ವರ್ಗದವರಿಗೆ ಶೇ. 5 ರಿಯಾಯಿತಿ), ಇಲ್ಲವೇ ನಾಲ್ಕು ವರ್ಷದ ಪದವಿಯಲ್ಲಿ ಶೇ. 75. ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಉದ್ಯೋಗದಲ್ಲಿದ್ದು ಪಾರ್ಟ್ ಟೈಮ್ ಮಾಡಲು ಅವಕಾಶವಿದೆ, ಆದರೆ ಕೆಲಸ ಕೊಟ್ಟವರ ನಿರಾಕ್ಷೇಪಣಾ ಪತ್ರ ಬೇಕು. ಅಂಚೆ ಶಿಕ್ಷಣದ ಅಥವಾ ಆನ್‌ಲೈನ್ ಪಿಎಚ್‌ಡಿ ಎಂಬುದಕ್ಕೆ ಮಾನ್ಯತೆಯಿಲ್ಲ. ವಿದೇಶಿ ಹೆಸರಿನ ಆನ್‌ಲೈನ್ ಪಿಎಚ್‌ಡಿ ಮಾರುವ ಕಂಪನಿಗಳ ಬಗ್ಗೆ ಯುಜಿಸಿಯೂ ತಾಂತ್ರಿಕ ಶಿಕ್ಷಣದ ಮಂಡಳಿ ಎಐಸಿಟಿಇಯೂ ಒಟ್ಟಿಗೆ ಎಚ್ಚರಿಸಿವೆ. ಫೋನ್ ಮಾಡಿ “ಗ್ಯಾರಂಟಿ” ಎಂದವರಿಗೆ ಅಲ್ಲೇ ಕಟ್ ಮಾಡಿ.

ಗೈಡ್ ಹುಡುಕುವ ಬಗೆ

ಅದೇ ನಿಯಮದಲ್ಲಿ ಇನ್ನೊಂದು ಅಂಕೆ ಇದೆ, ಹುಡುಕುವವರಿಗೆ ಅದೇ ಮುಖ್ಯ. ಒಬ್ಬ ಪ್ರೊಫೆಸರ್ ಏಕಕಾಲಕ್ಕೆ 8 ಮಂದಿಗೆ ಗೈಡ್ ಆಗಬಹುದು, ಅಸೋಸಿಯೇಟ್ ಪ್ರೊಫೆಸರ್ 6, ಅಸಿಸ್ಟೆಂಟ್ ಪ್ರೊಫೆಸರ್ 4. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇದ್ದವರು ಹೊಸಬರನ್ನು ತೆಗೆದುಕೊಳ್ಳುವ ಹಾಗಿಲ್ಲ. ಹಾಗಾಗಿ ವಿಭಾಗದ ಅತ್ಯಂತ ಹೆಸರುವಾಸಿ ಹಿರಿಯರಲ್ಲಿ ಜಾಗ ಖಾಲಿ ಇಲ್ಲದಿರುವುದು, ಮೂರು ವರ್ಷದ ಹಿಂದೆ ಸೇರಿದ ಅಸಿಸ್ಟೆಂಟ್ ಪ್ರೊಫೆಸರ್ ವಿದ್ಯಾರ್ಥಿಗಳನ್ನು ಹುಡುಕುತ್ತಿರುವುದು, ಎರಡೂ ಸಹಜ. ಹೊಸಬರಲ್ಲಿ ಉಪಕರಣ ಕಡಿಮೆ ಇರಬಹುದು, ಆದರೆ ನಿಮ್ಮ ಪಕ್ಕ ನಿಂತು ಕಲಿಸುವ ಹೊತ್ತು ಅವರಲ್ಲಿರುತ್ತದೆ. ನನ್ನ ಮಟ್ಟಿಗೆ ಮೊದಲ ಎರಡು ವರ್ಷಕ್ಕೆ ಉಪಕರಣಕ್ಕಿಂತ ಆ ಹೊತ್ತೇ ದೊಡ್ಡದು.

ಗೈಡ್ ಹೇಗೆ ಎಂದು ತಿಳಿಯಲು ವೆಬ್‌ಸೈಟಿನ ಫೋಟೋ ನೋಡಿ ಫಲವಿಲ್ಲ. ದೇಶದ ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಸಂಗ್ರಹವಾದ ಶೋಧಗಂಗಾದಲ್ಲಿ ಅವರ ಹೆಸರು ಹಾಕಿ ಹುಡುಕಿ. ಅವರ ಕೈಕೆಳಗೆ ಸಲ್ಲಿಕೆಯಾದ ಪ್ರಬಂಧಗಳು ಸಿಗುತ್ತವೆ. ನೋಂದಣಿಯ ವರ್ಷ, ಸಲ್ಲಿಸಿದ ವರ್ಷ ಎರಡೂ ಕಂಡರೆ ಕಳೆದು ನೋಡಿ. ಸರಾಸರಿ ಐದೋ ಎಂಟೋ ಗೊತ್ತಾಗುತ್ತದೆ. ಪ್ರಬಂಧದ ಮುನ್ನುಡಿಯ ಕೃತಜ್ಞತೆ ಓದಿ. ‘ಹಗಲಿರುಳು ನನ್ನೊಂದಿಗೆ ಡೇಟಾ ನೋಡಿದರು’ ಎಂದು ಬರೆದದ್ದಕ್ಕೂ ‘ಅಮೂಲ್ಯ ಮಾರ್ಗದರ್ಶನ ನೀಡಿದರು’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದಕ್ಕೂ ಬಹಳ ಅಂತರವಿದೆ. ಆಮೇಲೆ ಅವರ ಇತ್ತೀಚಿನ ಲೇಖನಗಳ ಕೊನೆಗೆ ಹೋಗಿ. ಅಲ್ಲಿ ಯಾವ ಸಂಸ್ಥೆಯ ಯಾವ ಅನುದಾನ ಎಂದು ಬರೆದಿರುತ್ತದೆ. ಈಗ ಕೇಂದ್ರದ ಹಳೆಯ ಅನುದಾನ ಮಂಡಳಿ ಎಸ್‌ಇಆರ್‌ಬಿಯ ಜಾಗಕ್ಕೆ ಅನುಸಂಧಾನ್ ನ್ಯಾಷನಲ್ ರಿಸರ್ಚ್ ಫೌಂಡೇಶನ್ ಬಂದಿದೆ, ಆ ಹೆಸರು ಕಂಡರೆ ಚಾಲ್ತಿಯ ಪ್ರಾಜೆಕ್ಟ್ ಇರಬಹುದು ಎಂದು ಲೆಕ್ಕ. ಕೊನೆಗೆ ಅವರ ಹಳೆಯ ವಿದ್ಯಾರ್ಥಿ ಒಬ್ಬರಿಗೆ ಫೋನ್ ಮಾಡಿ. ಬರೆದು ಕೇಳಿದರೆ ಯಾರೂ ನಿಜ ಬರೆಯುವುದಿಲ್ಲ, ಮಾತಿನಲ್ಲಿ ಹೇಳುತ್ತಾರೆ.

ಇನ್ನು ಇಮೇಲ್. ದಿನಕ್ಕೆ ಹತ್ತಾರು ಬರುವ ಇಂಥ ಪತ್ರಗಳಲ್ಲಿ ಹೆಚ್ಚಿನವು ‘ಗೌರವಾನ್ವಿತ ಸರ್/ಮೇಡಂ’ ಎಂದು ಶುರುವಾಗುತ್ತವೆ, ಅಂದರೆ ಯಾರಿಗೆ ಎಂದು ಬರೆದವರಿಗೇ ಖಚಿತವಿಲ್ಲ. ‘ತಮ್ಮ ಅದ್ಭುತ ಸಂಶೋಧನೆಯಿಂದ ಪ್ರಭಾವಿತನಾಗಿ’ ಎಂಬ ಸಾಲು, ಹತ್ತನೇ ತರಗತಿಯ ಮಾರ್ಕ್ಸ್ ಕಾರ್ಡಿನಿಂದ ಹಿಡಿದು ಒಂಬತ್ತು ಅಟ್ಯಾಚ್‌ಮೆಂಟ್. ತೆರೆಯುವ ಮೊದಲೇ ಅಳಿಸಿಹೋಗುತ್ತವೆ.

ಒಂದು ಉದಾಹರಣೆ ಹಿಡಿಯೋಣ. ರಸಾಯನಶಾಸ್ತ್ರದ ವಿದ್ಯಾರ್ಥಿನಿಯೊಬ್ಬಳು ಎಂ.ಎಸ್ಸಿ. ಪ್ರಾಜೆಕ್ಟಿಗೆ ನಮ್ಮೂರಿನ ಮುರಕಲ್ಲಿನ ಪುಡಿಯಿಂದ ನೀರಿನ ಫ್ಲೋರೈಡ್ ತೆಗೆಯುವ ಪ್ರಯೋಗ ಮಾಡಿದ್ದಾಳೆ ಎನ್ನಿ. ಮುರಕಲ್ಲಿನಲ್ಲಿ ಕಬ್ಬಿಣ, ಅಲ್ಯುಮಿನಿಯಂ ಆಕ್ಸೈಡುಗಳಿರುವುದರಿಂದ ಅದು ಫ್ಲೋರೈಡನ್ನು ಹಿಡಿದಿಟ್ಟುಕೊಳ್ಳುತ್ತದೆ. ಪತ್ರದಲ್ಲಿ ‘ನನಗೆ ಜಲ ಶುದ್ಧೀಕರಣದಲ್ಲಿ ಅಪಾರ ಆಸಕ್ತಿ’ ಎಂದು ಬರೆದರೆ ಅದು ಸಾವಿರದ ಒಂದನೇ ಪತ್ರ. ಅದರ ಬದಲು ಹೀಗೆ ಬರೆಯಲಿ: ‘ನೀರಿನ ಪಿಎಚ್ ಏರುತ್ತಾ ಹೋದಂತೆ ಫ್ಲೋರೈಡ್ ಹಿಡಿಯುವಿಕೆ ಇಳಿಯಿತು. ಕಲ್ಲಿನ ಮೇಲ್ಮೈ ಋಣ ಚಾರ್ಜ್ ಪಡೆದು ಫ್ಲೋರೈಡನ್ನು ದೂರ ತಳ್ಳುತ್ತಿರಬೇಕು ಎಂದು ನನ್ನ ಅಂದಾಜು. ಝೀಟಾ ಪೊಟೆನ್ಶಿಯಲ್ ಅಳೆಯುವ ಸೌಲಭ್ಯ ನಮ್ಮ ಕಾಲೇಜಿನಲ್ಲಿ ಇಲ್ಲದ್ದರಿಂದ ಖಚಿತ ಮಾಡಿಕೊಳ್ಳಲಾಗಲಿಲ್ಲ. ನಿಮ್ಮ ಲೇಖನದಲ್ಲಿ ಇದೇ ಅಳತೆಯನ್ನು ಬೇರೆ ಆಕ್ಸೈಡಿಗೆ ಮಾಡಿದ್ದನ್ನು ಓದಿದೆ.’ ಮಾಡಿದ್ದೇನು, ಕಂಡದ್ದೇನು, ಗೊತ್ತಾಗದೆ ಉಳಿದದ್ದೇನು, ನಿಮ್ಮಲ್ಲಿಗೇ ಯಾಕೆ ಬಂದೆ, ನಾಲ್ಕೂ ಇದರಲ್ಲಿವೆ. ಇದಕ್ಕೆ ಫೆಲೋಶಿಪ್ ಇದೆಯೋ ಇಲ್ಲವೋ ಎಂಬ ಒಂದು ಸಾಲು, ಯಾವಾಗ ಸೇರಬಲ್ಲೆ ಎಂಬ ಒಂದು ಸಾಲು, ಎರಡು ಪುಟದ ಒಂದೇ ಪಿಡಿಎಫ್. ಒಟ್ಟು 200 ಪದ ಮೀರದಿರಲಿ. ಹತ್ತು ದಿನ ಉತ್ತರ ಬಾರದಿದ್ದರೆ ಒಮ್ಮೆ ನೆನಪಿಸಿ, ಮತ್ತೆಯೂ ಬಾರದಿದ್ದರೆ ಬಿಡಿ. ಒಂದೇ ವಿಭಾಗದ ಐವರಿಗೆ ಒಂದೇ ದಿನ ಕಳಿಸಬೇಡಿ, ಅವರು ಚಹಾ ಕುಡಿಯುವುದು ಒಂದೇ ಕ್ಯಾಂಟೀನಿನಲ್ಲಿ.

ಸಂದರ್ಶನದ ಪ್ರಶ್ನೆಗಳು ಹುಟ್ಟುವುದೂ ಇಂಥ ಪತ್ರದಿಂದಲೇ. ಫ್ಲೋರೈಡ್ ಅಳೆದದ್ದು ಹೇಗೆ? ಎಲೆಕ್ಟ್ರೋಡಿನಿಂದ. ಟಿಸಾಬ್ ಬಫರ್ ಯಾಕೆ ಹಾಕಿದಿರಿ? ‘ಮ್ಯಾನುಯಲ್‌ನಲ್ಲಿತ್ತು’ ಎಂದರೆ ಕಥೆ ಅಲ್ಲಿಗೆ ಮುಗಿಯಿತು. ಕಲ್ಲಿನಿಂದ ಬಿಡುಗಡೆಯಾದ ಅಲ್ಯುಮಿನಿಯಂ ಫ್ಲೋರೈಡಿಗೆ ಅಂಟಿಕೊಂಡರೆ ಎಲೆಕ್ಟ್ರೋಡಿಗೆ ಅದು ಕಾಣುವುದಿಲ್ಲ, ಬಫರ್ ಅದನ್ನು ಬಿಡಿಸುತ್ತದೆ, ಇಲ್ಲದಿದ್ದರೆ ಕಲ್ಲು ಹಿಡಿದದ್ದಕ್ಕಿಂತ ಹೆಚ್ಚು ಹಿಡಿದಿದೆ ಎಂದು ಲೆಕ್ಕ ಬರುತ್ತಿತ್ತು ಎಂದು ಹೇಳಿದರೆ ಎದುರು ಕೂತವರು ನೆಟ್ಟಗೆ ಕೂರುತ್ತಾರೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದಕ್ಕೆ ಅಂಕ ಕಳೆಯುವುದಿಲ್ಲ, ಬುರುಡೆ ಬಿಟ್ಟರೆ ಕಳೆಯುತ್ತಾರೆ. ಉತ್ತರ ಇಂಗ್ಲಿಷಿನಲ್ಲಿ ತಡವರಿಸಿದರೆ ಚಾಕ್ ಎತ್ತಿಕೊಂಡು ಬೋರ್ಡಿನಲ್ಲಿ ಬರೆಯಿರಿ. ಕನ್ನಡ ಮಾಧ್ಯಮದವರಿಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ, ಸಮೀಕರಣಕ್ಕೆ ಮಾಧ್ಯಮವಿಲ್ಲವಲ್ಲ.

ಪ್ರಾಜೆಕ್ಟ್ ಹುದ್ದೆಯ ಜಾಹೀರಾತು ಓದುವುದು

ಕಾಸರಗೋಡಿನವರಿಗೆ ಮನೆಯಿಂದಲೇ ಓಡಾಡಬಹುದಾದ ಸಂಶೋಧನಾ ಕೆಲಸ ಎಂದರೆ ಬಹುಮಟ್ಟಿಗೆ ಇವೇ. ಕೂಡ್ಲಿನಲ್ಲಿ 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾಗಿ 1970ರಲ್ಲಿ ಈಗಿನ ರೂಪ ಪಡೆದ ಸಿಪಿಸಿಆರ್‌ಐ (ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ) ಇದೆ, ಅಡಿಕೆಗೆ ಅದರದೇ ಕೇಂದ್ರ ಗಡಿಯಾಚೆ ವಿಟ್ಲದಲ್ಲಿದೆ. ಪೆರಿಯದಲ್ಲಿ 2009ರಲ್ಲಿ ಆರಂಭವಾದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ, ಪಡನ್ನಕ್ಕಾಡಿನಲ್ಲಿ ಕೃಷಿ ಕಾಲೇಜು, ಉತ್ತರಕ್ಕೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯ ಮತ್ತು ಸುರತ್ಕಲ್ಲಿನ ಎನ್‌ಐಟಿ. ಇಂಥ ಕಡೆ ಹೊರಡುವ ಪ್ರಾಜೆಕ್ಟ್ ಜಾಹೀರಾತುಗಳು ಸಂಸ್ಥೆಯ ವೆಬ್‌ಸೈಟಿನ ಮೂಲೆಯಲ್ಲಿ ಎರಡು ವಾರ ಇದ್ದು ಮಾಯವಾಗುತ್ತವೆ. ಸೋಮವಾರಕ್ಕೊಮ್ಮೆ ಎಲ್ಲವನ್ನೂ ತೆರೆದು ನೋಡುವ ಅಭ್ಯಾಸ ಮಾಡಿಕೊಳ್ಳುವುದೇ ಇದಕ್ಕಿರುವ ಮದ್ದು.

ಜಾಹೀರಾತಿನಲ್ಲಿ ‘ಜೆಆರ್‌ಎಫ್, ಒಂದು ಹುದ್ದೆ, ಪ್ರಾಜೆಕ್ಟ್ ಮುಗಿಯುವವರೆಗೆ, ವಾಕ್-ಇನ್ (ನೇರ ಸಂದರ್ಶನ)’ ಎಂದಿರುತ್ತದೆ. ಈ ಜೆಆರ್‌ಎಫ್ ಬೇರೆ, ನೆಟ್ಟಿನ ಜೆಆರ್‌ಎಫ್ ಬೇರೆ. ನೆಟ್ಟಿನದು ನಿಮ್ಮ ಹೆಸರಿನದ್ದು, ಯಾವ ಲ್ಯಾಬಿಗೂ ಕೊಂಡೊಯ್ಯಬಹುದು. ಪ್ರಾಜೆಕ್ಟಿನದು ಗೈಡ್ ತಂದ ಅನುದಾನದ್ದು, ಪ್ರಾಜೆಕ್ಟ್ ಮುಗಿದ ದಿನ ಅದೂ ಮುಗಿಯಿತು. ನೆಟ್ ಅಥವಾ ಗೇಟ್ ಇಲ್ಲದವರಿಗೆ ಪ್ರಾಜೆಕ್ಟ್ ಅಸೋಸಿಯೇಟ್ ಎಂಬ ಹೆಸರಿನಲ್ಲಿ ಕಡಿಮೆ ಸಂಬಳ. ಕೃಷಿ ಸಂಸ್ಥೆಗಳಲ್ಲಿ ಯಂಗ್ ಪ್ರೊಫೆಷನಲ್ ಎನ್ನುತ್ತಾರೆ, ಅದು ಒಪ್ಪಂದದ ಕೆಲಸ, ಪಿಎಚ್‌ಡಿಯ ಮಾತೇ ಅದರಲ್ಲಿಲ್ಲ.

‘ಮುಗಿಯುವವರೆಗೆ’ ಎಂಬ ಪದದ ಮೇಲೆ ಬೆರಳಿಡಿ. ಮೂರು ವರ್ಷದ ಪ್ರಾಜೆಕ್ಟಿನಲ್ಲಿ ಮೊದಲಿದ್ದವರು 20 ತಿಂಗಳಿಗೆ ಬಿಟ್ಟುಹೋಗಿದ್ದರೆ ನಿಮಗೆ ಉಳಿಯುವುದು 16. ಪ್ರವೇಶ ಪರೀಕ್ಷೆ, ನೋಂದಣಿ, ಕನಿಷ್ಠ 12 ಕ್ರೆಡಿಟ್ಟಿನ ಕೋರ್ಸ್‌ವರ್ಕ್ ಮುಗಿಯುವಷ್ಟರಲ್ಲಿ ಪ್ರಾಜೆಕ್ಟ್ ಬಾಗಿಲು ಹಾಕಿರುತ್ತದೆ. ಆದ್ದರಿಂದ ವಾಕ್-ಇನ್ ದಿನವೇ, ಆಯ್ಕೆಯಾದ ಮೇಲೆ, ಸೇರುವ ಮೊದಲು, ಮೆತ್ತಗೆ ಮೂರು ಮಾತು ಕೇಳಿ. ಮಂಜೂರಾತಿ ಯಾವ ತಾರೀಕಿಗೆ ಮುಗಿಯುತ್ತದೆ? ಈ ಸಂಸ್ಥೆ ಯಾವ ವಿಶ್ವವಿದ್ಯಾಲಯದ ಮಾನ್ಯ ಸಂಶೋಧನಾ ಕೇಂದ್ರ, ನಿಮ್ಮ ಬಳಿ ನೋಂದಣಿಗೆ ಜಾಗ ಇದೆಯೇ? ಪ್ರಾಜೆಕ್ಟಿನ ಡೇಟಾ ಪ್ರಬಂಧದಲ್ಲಿ ಬಳಸಬಹುದೇ? ಇದರಿಂದ ಯಾರೂ ಮುನಿಸಿಕೊಳ್ಳುವುದಿಲ್ಲ. ಮುನಿಸಿಕೊಂಡರೆ ಅದೂ ಒಂದು ಉತ್ತರ.

ಹಾಗೆಂದು ಸಣ್ಣ ಪ್ರಾಜೆಕ್ಟುಗಳನ್ನು ತಳ್ಳಿಹಾಕಬೇಕಿಲ್ಲ. ಎಂಟು ತಿಂಗಳಾದರೂ ಒಂದು ಉಪಕರಣ ಸರಿಯಾಗಿ ಕೈಗೆ ಹತ್ತಿದರೆ, ಶಿಫಾರಸು ಪತ್ರ ಬರೆಯಬಲ್ಲ ಒಬ್ಬರು ಸಿಕ್ಕರೆ, ಮುಂದಿನ ಅರ್ಜಿಯ ತೂಕವೇ ಬೇರೆ. ಕಾಲಮಿತಿ ಮೊದಲೇ ಗೊತ್ತಿದ್ದು ಸೇರಿ ಎಂಬುದಷ್ಟೇ ಮಾತು.

ಹೊರದೇಶ, ಚುಟುಕಾಗಿ

ಯುರೋಪಿನಲ್ಲಿ ಪಿಎಚ್‌ಡಿ ಬಹುಪಾಲು ಒಂದು ಉದ್ಯೋಗ. ಹುದ್ದೆ ಖಾಲಿಯಾದಾಗ ಜಾಹೀರಾತು, ವರ್ಷವಿಡೀ. ಯುರೋಪಿನ ಯುರಾಕ್ಸೆಸ್ ಮತ್ತು ಜರ್ಮನಿಯ ಡಾಡ್‌ನ (DAAD) ತಾಣಗಳಲ್ಲಿ ಸಿಗುತ್ತವೆ. ಜರ್ಮನಿಯ ಜಾಹೀರಾತಿನಲ್ಲಿ ‘ಇ13, ಶೇ. 65’ ಎಂದು ಕಂಡರೆ ಅದು ಸಂಬಳದ ಶ್ರೇಣಿ ಮತ್ತು ಪಾಲು. ಸಂಬಳ ಶೇ. 65 ಎಂದ ಮಾತ್ರಕ್ಕೆ ಕೆಲಸವೂ ಅಷ್ಟೇ ಎಂದು ಯಾರೂ ಭ್ರಮಿಸಬೇಡಿ. ಯುರೋಪಿಯನ್ ಒಕ್ಕೂಟ ದುಡ್ಡು ಕೊಡುವ ಮರಿ ಕ್ಯೂರಿ ಡಾಕ್ಟೊರಲ್ ನೆಟ್‌ವರ್ಕ್‌ಗಳಲ್ಲಿ ಸಂಬಳ ಒಳ್ಳೆಯದು, ಆದರೆ ಹಿಂದಿನ 36 ತಿಂಗಳಲ್ಲಿ ಆ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದಿರಬಾರದು. ಊರಲ್ಲೇ ಇದ್ದವರಿಗೆ ಈ ನಿಯಮ ಲಾಭವೇ. ಅಮೆರಿಕಕ್ಕಾದರೆ ಡಿಸೆಂಬರಿನ ಆಸುಪಾಸಿಗೆ ಅರ್ಜಿ, ಸಾಮಾನ್ಯವಾಗಿ ಮೂರು ಶಿಫಾರಸು ಪತ್ರ. ಪತ್ರ ಕೊಡುವ ಮೇಷ್ಟ್ರಿಗೆ ತಿಂಗಳ ಮೊದಲೇ ಹೇಳಿ, ನೀವು ಅವರ ಬಳಿ ಮಾಡಿದ ಕೆಲಸವನ್ನು ಅರ್ಧ ಪುಟದಲ್ಲಿ ಬರೆದು ಕೊಡಿ. ನೂರು ಮಂದಿಗೆ ಪಾಠ ಮಾಡಿದವರಿಗೆ ನಿಮ್ಮ ಟೈಟ್ರೇಶನ್ ನೆನಪಿರಬೇಕೆಂದು ಬಯಸುವುದು ಅತಿಯಾಯಿತು.

ಗಡಿಯವರ ಕಾಗದಪತ್ರ

ಪ್ಲಸ್ ಟು ಕೇರಳದಲ್ಲಿ, ಡಿಗ್ರಿ ಕರ್ನಾಟಕದಲ್ಲಿ, ಪಿಎಚ್‌ಡಿ ಮತ್ತೆ ಇನ್ನೆಲ್ಲೋ. ಹೀಗೆ ಗಡಿ ದಾಟುತ್ತ ಓದಿದವರ ಫೈಲು ಎರಡು ಪಟ್ಟು ದಪ್ಪ. ಕೊಣಾಜೆಯಿಂದ ಬಂದವರು ಕಣ್ಣೂರು ವಿಶ್ವವಿದ್ಯಾಲಯಕ್ಕೆ ಸೇರುವಾಗಲೂ, ಕಣ್ಣೂರಿನಿಂದ ಕೊಣಾಜೆಗೆ ಹೋಗುವಾಗಲೂ ವಲಸೆ ಪ್ರಮಾಣಪತ್ರ ಬೇಕು, ಪದವಿಯ ಅರ್ಹತಾ ಪತ್ರವನ್ನೂ ಕೇಳಬಹುದು. ಫಲಿತಾಂಶ ಬಂದ ವಾರವೇ ಅರ್ಜಿ ಕೊಟ್ಟುಬಿಡಿ.

ಒಬಿಸಿ ವಿಷಯದಲ್ಲಿ ಎಡವಿದವರು ಹೆಚ್ಚು. ಕೇಂದ್ರದ ಒಬಿಸಿ ಪಟ್ಟಿ ರಾಜ್ಯವಾರು ಇದೆ. ಒಂದೇ ಜಾತಿ ಕರ್ನಾಟಕದ ಪಟ್ಟಿಯಲ್ಲಿದ್ದು ಕೇರಳದ ಪಟ್ಟಿಯಲ್ಲಿ ಇಲ್ಲದಿರಬಹುದು, ಅಥವಾ ಬೇರೆ ಹೆಸರಿನಲ್ಲಿರಬಹುದು. ವಿಟ್ಲದ ಮಾವನ ಮಗನ ಸರ್ಟಿಫಿಕೇಟ್ ನೋಡಿ ನಿಮ್ಮದೂ ಹಾಗೇ ಎಂದು ಅರ್ಜಿಯಲ್ಲಿ ಗುರುತು ಹಾಕಬೇಡಿ. ಅದಲ್ಲದೆ ಕಾಲೇಜಿಗೆ ಕೊಟ್ಟ ರಾಜ್ಯ ನಮೂನೆಯ ನಾನ್-ಕ್ರೀಮಿಲೇಯರ್ ಪತ್ರ ಕೇಂದ್ರದ ಸಂಸ್ಥೆಗಳಲ್ಲಿ ನಡೆಯುವುದಿಲ್ಲ. ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕುವಾಗಲೇ ‘ಕೇಂದ್ರದ ನಮೂನೆ’ ಎಂದು ಬಾಯಿಬಿಟ್ಟು ಹೇಳಬೇಕು, ಪತ್ರ ಯಾವ ಹಣಕಾಸು ವರ್ಷದ್ದು ಎಂದು ನೋಡಬೇಕು.

ಇನ್ನು ಹೆಸರು. ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ‘ಸವಿತ ಕೆ.’, ಡಿಗ್ರಿಯಲ್ಲಿ ಬರೀ ‘ಸವಿತಾ’, ಪಾಸ್‌ಪೋರ್ಟಿನಲ್ಲಿ ಆ ‘ಕೆ.’ ಬಿಡಿಸಿ ಮನೆಯ ಹೆಸರು. ಕೇರಳದ ಗುಮಾಸ್ತರು ಇಂಗ್ಲಿಷಿನಲ್ಲಿ ‘ತ’ಕ್ಕೆ ಎರಡಕ್ಷರ ಬರೆದರೆ ಕರ್ನಾಟಕದವರು ಒಂದೇ ಬರೆದಿರುತ್ತಾರೆ. ಫೆಲೋಶಿಪ್ ಪೋರ್ಟಲಿಗೆ ಇವು ಮೂರು ಬೇರೆ ಬೇರೆ ಮನುಷ್ಯರು, ಬ್ಯಾಂಕ್ ಖಾತೆಯ ಹೆಸರು ಸೇರಿದರೆ ನಾಲ್ಕು. ವಿಲ್ಲೇಜ್ ಆಫೀಸಿನಿಂದ ‘ಒನ್ ಆ್ಯಂಡ್ ದ ಸೇಮ್’ ಸರ್ಟಿಫಿಕೇಟ್ ಎಂಬುದು ಸಿಗುತ್ತದೆ, ಈ ಹೆಸರುಗಳೆಲ್ಲ ಒಬ್ಬರವೇ ಎಂದು ಹೇಳುವ ಪತ್ರ. ನೆಟ್ ಅರ್ಜಿಯಲ್ಲಿ ಹೆಸರು ತುಂಬುವ ಮೊದಲು ಎಸ್ಸೆಸ್ಸೆಲ್ಸಿ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು, ಚುಕ್ಕೆ, ಅಕ್ಷರದ ಅಂತರ ಸಮೇತ ಅದರಲ್ಲಿರುವಂತೆಯೇ ಟೈಪ್ ಮಾಡಿ.